ಅಂಗಡಿಯ ವೆಬ್‌ಸೈಟು ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದೆ, ಮೊಬೈಲಿನಲ್ಲಿ ಯಾರೂ ನಿಲ್ಲುತ್ತಿಲ್ಲ. ಏನು ಮಾಡಲಿ?

ನೀವು ಬರೆದದ್ದು ಇಷ್ಟು: ಗಾಂಧಿಬಜಾರಿನಲ್ಲಿ ಗ್ರಂಧಿಗೆ (ಪೂಜಾ ಸಾಮಗ್ರಿ) ಅಂಗಡಿ, ಹೋದ ವರ್ಷ ಮಾಡಿಸಿದ ವೆಬ್‌ಸೈಟು. ಮೊಬೈಲಿನಲ್ಲಿ ತೆರೆದರೆ ಅಕ್ಷರ ಇರುವೆಯಷ್ಟು, ಫೋಟೊ ಬರುವಷ್ಟರಲ್ಲಿ ಗಿರಾಕಿ ಹೊರಟುಹೋಗಿರುತ್ತಾರೆ. ಡಿಸೈನರ್ ಈಗ ‘ರೆಸ್ಪಾನ್ಸಿವ್ ಮಾಡಿಕೊಡ್ತೀನಿ’ (ಪರದೆಯ ಅಳತೆಗೆ ಪುಟ ಹೊಂದುವಂತೆ) ಎಂದು ಮತ್ತೆ ದುಡ್ಡು ಕೇಳುತ್ತಿದ್ದಾರೆ. ಕೊಡಬೇಕೇ ಬೇಡವೇ?

ಅವರು ಏನು ಮಾಡಲಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ದೊಡ್ಡ ಪುಟವನ್ನು ಹಿಂಡಿ ಮೊಬೈಲಿಗೆ ತುರುಕುವುದು ಒಂದು ಕೆಲಸ. ಮೊದಲು ಮೊಬೈಲಿಗೆ ಕಟ್ಟಿ, ಜಾಗ ಸಿಕ್ಕಂತೆ ದೊಡ್ಡ ಪರದೆಗೆ ಹರಡುವುದು ಬೇರೆಯೇ ಕೆಲಸ. ಮೊದಲನೆಯದರಲ್ಲಿ ಸ್ಲೈಡರ್ (ಒಂದಾದಮೇಲೊಂದು ಸರಿಯುವ ಚಿತ್ರಗಳು), ಅನಿಮೇಷನ್, ಹತ್ತಾರು ಪ್ಲಗಿನ್ (ಸೈಟಿಗೆ ಸೇರಿಸಿದ ಹೆಚ್ಚುವರಿ ತಂತ್ರಾಂಶ) ಎಲ್ಲವೂ ಉಳಿದೇ ಇರುತ್ತವೆ. ಕಣ್ಣಿಗೆ ಕಾಣದಂತೆ ಮರೆಮಾಡಿದ ಚಿತ್ರವನ್ನೂ ಬ್ರೌಸರು ಸಾಮಾನ್ಯವಾಗಿ ಇಳಿಸಿಕೊಂಡೇ ಬಿಡುತ್ತದೆ, ಡೇಟಾ ಗಿರಾಕಿಯದು. ಇಂಥ ರಿಪೇರಿಗೆ ನಾನಾದರೆ ದುಡ್ಡು ಕೊಡುವುದಿಲ್ಲ. ಒಂದೇ ಉದ್ದ ಪುಟವನ್ನು ಹೊಸದಾಗಿ ಮಾಡಿಸುವುದು ನಿಮ್ಮಂಥ ಅಂಗಡಿಗೆ ಸಾಕು.

ಅದಕ್ಕೂ ಮೊದಲು ಎರಡು ನಿಮಿಷದ ಪರೀಕ್ಷೆ ಮಾಡಿ. ಲ್ಯಾಪ್‌ಟಾಪಿನ ಪುಟವೇ ಪುಟ್ಟದಾಗಿ ಕಂಡು, ಬೆರಳಿನಿಂದ ಹಿಗ್ಗಿಸಿ ಓದಬೇಕಾಗಿದೆಯೇ? ಹಾಗಿದ್ದರೆ ಪುಟದ ಕೋಡಿನಲ್ಲಿ ವ್ಯೂಪೋರ್ಟ್ ಎಂಬ ಮೆಟಾ ಟ್ಯಾಗಿನ ಸಾಲು ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. ಅದಿಲ್ಲದಿದ್ದರೆ ಮೊಬೈಲ್ ಬ್ರೌಸರು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲ ಎಂದು ಭಾವಿಸಿ ಕುಗ್ಗಿಸಿಬಿಡುತ್ತದೆ. ಟ್ಯಾಗಿನಲ್ಲಿ ಅಗಲ ಡಿವೈಸ್-ವಿಡ್ತ್ ಎಂದೂ ಇನಿಶಿಯಲ್-ಸ್ಕೇಲ್ 1 ಎಂದೂ ಇರಬೇಕು, ಅಷ್ಟೇ. ಬೆರಳಿನಿಂದ ಹಿಗ್ಗಿಸುವುದನ್ನು ತಡೆಯುವ ಯೂಸರ್-ಸ್ಕೇಲಬಲ್ ನೋ ಎಂಬುದನ್ನು ಮಾತ್ರ ಹಾಕಿಸಬೇಡಿ. ನಿಮ್ಮ ಗಿರಾಕಿಗಳಲ್ಲಿ ಚಾಳೀಸು ಬಂದವರೇ ಜಾಸ್ತಿ.

ಇನ್ನು ಪುಟದ ವಿಷಯ. ಒಂದು ಹಾಳೆಯಲ್ಲಿ ಮೊಬೈಲಿನಷ್ಟೇ ಚೌಕ ಬರೆದುಕೊಳ್ಳಿ. ಅಗಲ 360 ಪಿಕ್ಸೆಲ್ ಎಂದು ಲೆಕ್ಕ ಹಿಡಿಯಿರಿ, ಸಾಧಾರಣ ಆಂಡ್ರಾಯ್ಡ್ ಫೋನುಗಳಿಗೆ ಇದು ಹೊಂದುತ್ತದೆ. ಆಟೊದಲ್ಲಿ ಕೂತು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚೀಲ ಹಿಡಿದವರಿಗೆ ಬೇಕಾದದ್ದು ಮೂರೇ: ನನಗೆ ಬೇಕಾದ್ದು ಇವರಲ್ಲಿ ಸಿಗುತ್ತದೆಯೇ, ಈಗ ಬಾಗಿಲು ತೆಗೆದಿದೆಯೇ, ಹೋಗುವುದು ಹೇಗೆ. ಇವಕ್ಕೆ ಉತ್ತರ ಮೊದಲ ಪರದೆಯಲ್ಲೇ ಸಿಗಬೇಕು. ಅಂಗಡಿಯ ಹೆಸರು, ‘ಪೂಜಾ ಸಾಮಗ್ರಿ, ಹೋಮದ್ರವ್ಯ, ಮದುವೆ-ಮುಂಜಿ ಸಾಮಾನು’ ಎಂಬಂಥ ಒಂದು ಸಾಲು, ವೇಳೆ, ವಾರದ ರಜೆ, ಮಧ್ಯಾಹ್ನ ಮುಚ್ಚುವುದಾದರೆ ಅದೂ. ಸ್ಥಾಪಕರ ಭಾವಚಿತ್ರ, ‘ನಮ್ಮ ಬಗ್ಗೆ’, ಸ್ವಾಗತ ಪದ್ಯ ಎಲ್ಲಾ ಕೆಳಗಿರಲಿ.

ಪರದೆಯ ತಳದಲ್ಲಿ ಸದಾ ನಿಲ್ಲುವ ಪಟ್ಟಿಯೊಂದರಲ್ಲಿ ಮೂರು ಗುಂಡಿ: ಕರೆ, ವಾಟ್ಸಾಪ್, ದಾರಿ. ಹೆಬ್ಬೆರಳು ಸಲೀಸಾಗಿ ತಲುಪುವ ಜಾಗ ಅದು. ಎತ್ತರ 48 ಪಿಕ್ಸೆಲಿಗೆ ಕಡಿಮೆ ಬೇಡ. ಕರೆಯ ಕೊಂಡಿಯಲ್ಲಿ ಸಂಖ್ಯೆ ಪ್ಲಸ್ 91ರಿಂದ ಶುರುವಾಗಬೇಕು. ಲ್ಯಾಂಡ್‌ಲೈನ್ ಆದರೆ 080ರ ಮುಂದಿನ ಸೊನ್ನೆ ಬಿಟ್ಟು, ಪ್ಲಸ್ 91ರ ನಂತರ 80 ಬರೆಯಬೇಕು. ವಾಟ್ಸಾಪ್ ಕೊಂಡಿಯ ವರಸೆ ಬೇರೆ: ಅಲ್ಲಿ ಪ್ಲಸ್ಸೂ ಬೇಡ, ಸೊನ್ನೆಯೂ ಬೇಡ, ಖಾಲಿ ಜಾಗವೂ ಬೇಡ, ಬರೀ 91 ಮತ್ತು ಹತ್ತು ಅಂಕಿ. ಇದೊಂದು ತಪ್ಪಿ ಗುಂಡಿ ಒತ್ತಿದರೂ ಚಾಟ್ ತೆರೆಯದ ಸೈಟುಗಳು ಬೇಕಾದಷ್ಟಿವೆ. ತಳದ ಪಟ್ಟಿ ಇಟ್ಟಮೇಲೆ ಪುಟದ ಕೊನೆಯಲ್ಲಿ ಅಷ್ಟೇ ಎತ್ತರದ ಖಾಲಿ ಜಾಗ ಬಿಡಿಸಿ, ಇಲ್ಲವಾದರೆ ಕೊನೆಯ ಸಾಲು ಪಟ್ಟಿಯಡಿ ಹೂತುಹೋಗುತ್ತದೆ. ನಿಮ್ಮ ಊರಿನ ವಿಳಾಸ ಕೂಡ ಒಂದು ತಲೆನೋವು. ‘3ನೇ ಕ್ರಾಸ್, 2ನೇ ಮೇನ್’ ಎಂದರೆ ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಒಂದಿದೆ. ಬಸವನಗುಡಿ, 560004 ಎಂಬುದರ ಜೊತೆಗೆ ಪಕ್ಕದ ಗುರುತು, ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ಬರುವ ದಾರಿ, ಗಾಡಿ ಎಲ್ಲಿ ನಿಲ್ಲಿಸಬಹುದು ಎಂಬ ಒಂದು ಸಾಲು ಇರಲಿ. ಪುಟದೊಳಗೆ ಓಡಾಡುವ ಮ್ಯಾಪ್ ಬೇಡ. ಅದು ಭಾರ, ಮೇಲಾಗಿ ಕೆಳಗೆ ಜಾರಿಸಲು ಹೋದ ಬೆರಳು ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ‘ದಾರಿ’ ಗುಂಡಿ ಒತ್ತಿದರೆ ಮ್ಯಾಪ್ ಆ್ಯಪ್ ತೆರೆದರೆ ಸಾಕು.

ಕನ್ನಡದ ಮಾತಿಗೆ ಬರೋಣ. ಬಹಳ ಜನ ಎಡವುವುದು ಇಲ್ಲೇ. ಹಳೆಯ ಡಿಟಿಪಿ ಫೈಲಿನಿಂದ ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ (ಆಯಾ ಫಾಂಟಿದ್ದರೆ ಮಾತ್ರ ಕನ್ನಡವಾಗಿ ಕಾಣುವ ಹಳೆಯ ಬಗೆಯ) ಅಕ್ಷರವನ್ನು ಹಾಗೇ ಅಂಟಿಸಿದ್ದರೆ, ಆ ಫಾಂಟು ಇಲ್ಲದ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟನ್ನು ಸೈಟಿಗೇ ಜೋಡಿಸಿದ್ದರೆ ಕಣ್ಣಿಗೆ ಸರಿ ಕಂಡೀತು, ಗೂಗಲ್ ಓದುವುದು ಮಾತ್ರ ಆ ಕಲಸುಮೇಲೋಗರವನ್ನೇ. ಎಲ್ಲ ಫೋನಿಗೂ ಗೊತ್ತಿರುವ ಯೂನಿಕೋಡಿಗೆ ಬದಲಿಸಿ, ಬದಲಾದ ಮೇಲೆ ಒಂದೊಂದು ಸಾಲೂ ಓದಿ. ಅರ್ಕಾವೊತ್ತು ಮತ್ತು ಅಂಕಿಗಳು ಕೈಕೊಡುವುದು ಮಾಮೂಲು. ಬೆಲೆಪಟ್ಟಿಯನ್ನು ಪಾಂಪ್ಲೆಟ್ಟಿನ ಫೋಟೊ ಅಥವಾ ಪಿಡಿಎಫ್ ಆಗಿ ಹಾಕಿದ್ದರೆ ಅದನ್ನೂ ಟೈಪ್ ಮಾಡಿಸಿ.

ಫಾಂಟಿಗೆ ಖರ್ಚು ಬೇಡ. ಈಗಿನ ಫೋನುಗಳಲ್ಲಿ ಕನ್ನಡ ಅಕ್ಷರ ಮೊದಲೇ ಇರುತ್ತದೆ, ಅದನ್ನೇ ಬಳಸಿದರೆ ಇಳಿಸಬೇಕಾದದ್ದು ಸೊನ್ನೆ. ಅಕ್ಷರದ ಗಾತ್ರ 17 ಅಥವಾ 18 ಪಿಕ್ಸೆಲ್, ಸಾಲಿನ ಎತ್ತರ ಅಕ್ಷರದ 1.6ರಿಂದ 1.7 ಪಟ್ಟು. ಇಂಗ್ಲಿಷಿಗೆ ಮಾಡಿದ ಥೀಮುಗಳಲ್ಲಿ ಇದು 1.2, 1.3 ಇರುತ್ತದೆ, ಅಲ್ಲಿ ಒತ್ತಕ್ಷರ ಕೆಳಸಾಲಿನ ಗುಡಿಸುಗಳಿಗೆ ತಾಗುತ್ತದೆ. ಶೀರ್ಷಿಕೆಗೆ ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವೆ ಹೆಚ್ಚುವರಿ ಜಾಗ) ಕೊಟ್ಟಿದ್ದರೆ ತೆಗೆಸಿ. ಗುಂಡಿಗಳಿಗೆ ನಿಗದಿತ ಎತ್ತರ, ಅಗಲ ಇಟ್ಟಿದ್ದರೆ ಅದನ್ನೂ ತೆಗೆಸಿ. ಇಂಗ್ಲಿಷಿನ ‘ಬೈ ನೌ’ ಹಿಡಿಯುವ ಗುಂಡಿಯಲ್ಲಿ ‘ವರಮಹಾಲಕ್ಷ್ಮಿ ಪೂಜಾಸಾಮಗ್ರಿ’ ಹಿಡಿಯುವುದಿಲ್ಲ. ಒಂದೋ ಪಕ್ಕಕ್ಕೆ ಚಾಚಿ ಪುಟವೇ ಅಡ್ಡಡ್ಡ ಜಾರುತ್ತದೆ, ಇಲ್ಲವೇ ಕ್ಷ್ಮಿಯ ಒತ್ತು ಕತ್ತರಿಸಿಹೋಗುತ್ತದೆ. ಕನಿಷ್ಠ ಎತ್ತರ ಮಾತ್ರ ಹೇಳಿ, ಉಳಿದದ್ದು ಪದವೇ ನೋಡಿಕೊಳ್ಳಲಿ. ಸಾಮಾನಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಬರೆಯಿರಿ, ಏಕೆಂದರೆ ಮೊರದ ಬಾಗಿನವನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರು ಬಹಳ. ನಿಮ್ಮ ಅಂಗಡಿಯ ಬಗೆಯನ್ನೇ ಕೆಲವರು ಗ್ರಂಧಿಗೆ ಎಂದರೆ ಕೆಲವರು ಗ್ರಂಥಿಗೆ ಎನ್ನುತ್ತಾರೆ. ಎರಡೂ ಪುಟದಲ್ಲಿ ಎಲ್ಲಾದರೂ ಬರಲಿ.

ಪುಟ ನಿಧಾನ ಆಗುವುದಕ್ಕೆ ನಿಮ್ಮಂಥ ಸೈಟಿನಲ್ಲಿ ಹತ್ತಕ್ಕೆ ಒಂಬತ್ತು ಸಲ ಫೋಟೊವೇ ಕಾರಣ. ಫೋನಿನಲ್ಲಿ ತೆಗೆದ ಚಿತ್ರ ಒಂದೊಂದೂ 3–4 ಎಂಬಿ. ನಾಲ್ಕನ್ನು ಸ್ಲೈಡರಿನಲ್ಲಿಟ್ಟರೆ ಮೊದಲ ಪರದೆಗೇ ಹದಿನೈದು ಎಂಬಿ ಹತ್ತಿರ. ಸ್ಲೈಡರ್ ಕಿತ್ತು ಒಂದೇ ಚಿತ್ರ ಇಡಿ: ಅಗಲ 1080 ಪಿಕ್ಸೆಲ್, ವೆಬ್‌ಪಿ ಎಂಬ ಹಗುರ ಚಿತ್ರರೂಪ, ಗುಣಮಟ್ಟ 75ರ ಆಸುಪಾಸು, ತೂಕ 150 ಕೆಬಿ ಒಳಗೆ. ಸಾಮಾನಿನ ಸಣ್ಣ ಚಿತ್ರಗಳು 400 ಪಿಕ್ಸೆಲ್ ಇದ್ದರೆ ಸಾಕು. ಪ್ರತಿ ಚಿತ್ರಕ್ಕೂ ಅಗಲ-ಎತ್ತರ ಕೋಡಿನಲ್ಲಿ ಬರೆಸಿ. ಇಲ್ಲದಿದ್ದರೆ ಚಿತ್ರ ತಡವಾಗಿ ಬಂದು ಪುಟ ಕುಪ್ಪಳಿಸುತ್ತದೆ; ‘ಕರೆ’ ಒತ್ತಲು ಹೋದವರು ಬೇರೇನನ್ನೋ ಒತ್ತಿರುತ್ತಾರೆ. ಲೇಜಿ ಲೋಡಿಂಗನ್ನು (ಓದುಗರು ಹತ್ತಿರ ಬಂದಾಗ ಮಾತ್ರ ಚಿತ್ರ ಇಳಿಸುವುದು) ಕೆಳಗಿನ ಚಿತ್ರಗಳಿಗೆ ಹಾಕಿಸಿ, ಮೇಲಿನ ಮೊದಲ ಚಿತ್ರಕ್ಕೆ ಹಾಕಿಸಬೇಡಿ. ಹಾಕಿದರೆ ಬೇಗ ಬರಬೇಕಾದದ್ದೇ ತಡವಾಗುತ್ತದೆ.

ಗೂಗಲಿನ ಅಳತೆಗೋಲು ಹೀಗಿದೆ: ಮೊದಲ ಪರದೆಯ ಅತಿ ದೊಡ್ಡ ಚಿತ್ರ ಅಥವಾ ಬರಹದ ತುಂಡು 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಕುಪ್ಪಳಿಸುವಿಕೆಯ ಅಂಕ 0.1 ಮೀರಬಾರದು. ಗೂಗಲಿನದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ತಾಣದಲ್ಲಿ ಉಚಿತವಾಗಿ ನೋಡಬಹುದು, ಅದು ನೂರಕ್ಕೆ ಅಂಕ ಕೊಡುತ್ತದೆ. ಡಿಸೈನರ್ 95 ಅಂಕದ ಚಿತ್ರ ಕಳಿಸಿದರೆ ಅದು ಡೆಸ್ಕ್‌ಟಾಪ್ ಟ್ಯಾಬಿನದೋ ಮೊಬೈಲಿನದೋ ನೋಡಿ. ಮೊಬೈಲ್ ಪುಟದಲ್ಲಿ ಜಾಗ ಉಳಿಸಲು ಬೆಲೆಪಟ್ಟಿಯನ್ನೇ ತೆಗೆದುಹಾಕುವ ಬುದ್ಧಿವಂತರಿದ್ದಾರೆ. 2016ರಲ್ಲಿ ಘೋಷಿಸಿದ ಮೊಬೈಲ್-ಮೊದಲ ಸೂಚೀಕರಣವನ್ನು (ಹುಡುಕಾಟಕ್ಕೆ ಸೈಟಿನ ಮೊಬೈಲ್ ಪುಟವನ್ನೇ ಓದಿಕೊಳ್ಳುವ ಪದ್ಧತಿ) ಗೂಗಲ್ 2023ರ ಅಕ್ಟೋಬರಿನಲ್ಲಿ ಪೂರ್ಣಗೊಳಿಸಿತು. ಅಂದರೆ ಮೊಬೈಲ್ ಪುಟದಲ್ಲಿ ಇಲ್ಲದ್ದು ಹುಡುಕಾಟದಲ್ಲೂ ಇಲ್ಲ.

ಫಾರ್ಮ್ ಬೇಡವೆಂದೇ ನನ್ನ ಸಲಹೆ, ವಾಟ್ಸಾಪ್ ಇರುವಾಗ ಯಾರು ತುಂಬುತ್ತಾರೆ? ಇಡಲೇಬೇಕೆಂದರೆ ಹೆಸರು, ಫೋನು, ಬೇಕಾದ ಸಾಮಾನು, ಮೂರೇ ಖಾನೆ. ಖಾನೆಯ ಅಕ್ಷರ 16 ಪಿಕ್ಸೆಲಿಗಿಂತ ಚಿಕ್ಕದಾದರೆ ಐಫೋನಿನಲ್ಲಿ ಮುಟ್ಟಿದೊಡನೆ ಪುಟ ತಾನೇ ಹಿಗ್ಗುತ್ತದೆ. ಫೋನಿನ ಖಾನೆಗೆ ಟೆಲ್ ಎಂಬ ಬಗೆ ಕೊಟ್ಟರೆ ಅಂಕಿಗಳ ಕೀಲಿಮಣೆಯೇ ಬರುತ್ತದೆ. ಯುಪಿಐ ಕ್ಯೂಆರ್ ಚಿತ್ರವನ್ನು ಪುಟದಲ್ಲಿ ದೊಡ್ಡದಾಗಿ ಹಾಕುವುದು ಇನ್ನೊಂದು ತಮಾಷೆ: ಫೋನಿನಲ್ಲಿ ನೋಡುತ್ತಿರುವವರು ಅದೇ ಫೋನಿನ ಕ್ಯಾಮೆರಾ ಹಿಡಿಯುವುದು ಎಲ್ಲಿಗೆ? ನಕಲಿಸಿಕೊಳ್ಳಲು ಬರುವಂತೆ ಯುಪಿಐ ಐಡಿಯನ್ನು ಅಕ್ಷರದಲ್ಲಿ ಕೊಡಿ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ, ಅದರಲ್ಲಿರುವ ಹೆಸರು, ವಿಳಾಸ, ಫೋನು, ವೇಳೆ ಸೈಟಿನಲ್ಲಿರುವುದಕ್ಕೆ ಹೊಂದಬೇಕು. ಡೊಮೇನು (ಸೈಟಿನ ವೆಬ್ ವಿಳಾಸ) ಡಿಸೈನರ್ ಹೆಸರಿನಲ್ಲಿದ್ದರೆ, ದುಡ್ಡಿನ ಮಾತಿಗೆ ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಕೆಲಸ ಮುಗಿಯಿತು ಎಂದಾಗ ಡಿಸೈನರ್ ಲ್ಯಾಪ್‌ಟಾಪಿನಲ್ಲಿ ತೋರಿಸುವುದನ್ನು ಒಪ್ಪಬೇಡಿ. ಮನೆಯಲ್ಲಿರುವ ಹಳೆಯ, ಅಗ್ಗದ ಫೋನು ತೆಗೆದುಕೊಂಡು, ವೈಫೈ ಆರಿಸಿ, ಮಟಮಟ ಮಧ್ಯಾಹ್ನ ಅಂಗಡಿ ಮುಂದಿನ ಬಿಸಿಲಿನಲ್ಲಿ ಬ್ರೌಸರಿನ ಇನ್‌ಕಾಗ್ನಿಟೊದಲ್ಲಿ (ಹಿಂದೆ ಇಳಿಸಿಟ್ಟದ್ದನ್ನು ಬಳಸದ ಕಿಟಕಿ) ತೆರೆಯಿರಿ. ತಿಳಿಬೂದು ಅಕ್ಷರ ಓದಲಾಗದೆ ಹೋಗುವುದು ಅಲ್ಲಿ ಗೊತ್ತಾಗುತ್ತದೆ. ಇನ್‌ಸ್ಟಾಗ್ರಾಂನೊಳಗಿಂದಲೂ ಒಮ್ಮೆ ತೆರೆಯಿರಿ, ಅದರ ಸ್ವಂತ ಬ್ರೌಸರಿನಲ್ಲಿ ತಳದ ಪಟ್ಟಿ ಮುಚ್ಚಿಹೋಗುವುದುಂಟು.

ವೇಳೆ ಮತ್ತು ಹಬ್ಬದ ಸಾಲನ್ನು ನೀವೇ ಫೋನಿನಿಂದ ಬದಲಿಸುವಂತೆ ಮಾಡಿಸಿಕೊಳ್ಳಿ. ಗೌರಿ ಹಬ್ಬಕ್ಕೆ ಎರಡು ವಾರ ಮೊದಲು ‘ಮೊರದ ಬಾಗಿನ: ಏನೇನಿದೆ, ಎಷ್ಟು, ಯಾವ ದಿನದೊಳಗೆ ಹೇಳಬೇಕು’ ಎಂಬುದು ವೇಳೆಯ ಸಾಲಿನ ಕೆಳಗೇ ಬರಲಿ, ಹಬ್ಬದ ಮರುದಿನ ತೆಗೆದುಬಿಡಿ. ದೀಪಾವಳಿಯಲ್ಲೂ ಬಾಗಿನದ ಬೆಲೆ ನೇತಾಡುತ್ತಿದ್ದರೆ, ಅದರ ಮೇಲಿರುವ ಅಂಗಡಿಯ ವೇಳೆಯನ್ನೂ ಯಾರೂ ನಂಬುವುದಿಲ್ಲ.