ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ವಿಮಾನವೋ, ಕಾರೋ?

ಜುಲೈ ತಿಂಗಳ ಗಾಳಿಮಳೆಯಲ್ಲಿ ಅಮ್ಮನನ್ನು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ವಿಮಾನದಲ್ಲಿ ಕರೆತರಲು ಹೆದರಿಕೆಯಾಗುತ್ತದೆ, ಕಾರಿನಲ್ಲೇ ಬರುವುದು ವಾಸಿಯೇ ಎಂದು ಕೇಳಿದ್ದೀರಿ. ನಾನೂ ಇದನ್ನೇ ಕೇಳಿಕೊಂಡವನು. ಉತ್ತರ ಸಿಕ್ಕಿದ್ದು ಶಿವಮೊಗ್ಗ-ತೀರ್ಥಹಳ್ಳಿ ದಾರಿಯ ಮಂಡಗದ್ದೆಯ ಹತ್ತಿರದ ಒಂದು ಚರಂಡಿಯಲ್ಲಿ.

2024ರ ಜುಲೈನಲ್ಲಿ, ನನ್ನನ್ನು ಸಾಕಿ ಬೆಳೆಸಿದ ದೊಡ್ಡಮ್ಮ ತೀರ್ಥಹಳ್ಳಿಯಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ಹಿಂದಿನ ದಿನ ಬೆಳಗಿನ ವಿಮಾನಕ್ಕೆ ಟಿಕೆಟ್ ಮಾಡಿಸಿ, ಕಾರನ್ನು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೊರಟೆ. ಎರಡು ಪ್ರೊಪೆಲರ್‌ಗಳ ಎಟಿಆರ್ ವಿಮಾನ ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯ ಮೇಲೆ ಬಂದಾಗ ಕಿಟಕಿಯ ಗಾಜಿನ ಮೇಲೆ ಮಳೆಹನಿಗಳು ಅಡ್ಡಡ್ಡ ಗೆರೆಗಳಾಗಿ ಹರಿಯುತ್ತಿದ್ದವು. ಕೆಳಗೆ ಸರಿಯಾಗಿ ಕಾಣುತ್ತಿಲ್ಲ, ಸ್ವಲ್ಪ ಹೊತ್ತು ಕಾಯುತ್ತೇವೆ ಎಂದು ಕ್ಯಾಪ್ಟನ್ ಹೇಳಿದರು. ಅರ್ಧ ಗಂಟೆ ಸುತ್ತಿದೆವು. ಅಷ್ಟರಲ್ಲಿ ಒಮ್ಮೆ ಮೋಡ ಹರಿದು, ನನ್ನ ಕಿಟಕಿಯ ನೇರ ಕೆಳಗೆ, ಕೆಂಪು ನೀರು ತುಂಬಿದ ತುಂಗೆ ಎರಡು ಕ್ಷಣ ಸ್ಪಷ್ಟವಾಗಿ ಕಂಡಿತು. ಇಷ್ಟು ಚೆನ್ನಾಗಿ ಕಾಣುವಾಗ ಇಳಿಸಲು ಇವರಿಗೇನು ಧಾಡಿ ಎಂದು ನಾನು ಜೋರಾಗಿಯೇ ಅಂದೆ. ಪಕ್ಕದಲ್ಲಿದ್ದ ಅಡಿಕೆ ವ್ಯಾಪಾರದ ಹಿರಿಯರೊಬ್ಬರು, "ಗಡಿಬಿಡಿ ಮಾಡಬೇಡಿ ಮಾರಾಯ್ರೆ, ವಾಪಸ್ ಹೋದರೆ ನಾಳೆಯಾದರೂ ಬರಬಹುದು" ಎಂದರು. ವಿಮಾನ ಬೆಂಗಳೂರಿಗೆ ಹಿಂತಿರುಗಿತು.

ನನ್ನ ತಪ್ಪು ಇಲ್ಲಿಂದ ಶುರುವಾಗುತ್ತದೆ. ಮೋಡದ ತೆಳು ಪದರವನ್ನು ನೇರ ಕೆಳಕ್ಕೆ ನೋಡಿದರೆ ನೆಲ ಕಾಣುತ್ತದೆ; ಆದರೆ ಇಳಿಸುವವರು ನೋಡಬೇಕಾದದ್ದು ಓರೆಯಾಗಿ ಮುಂದಕ್ಕೆ, ಅಂದರೆ ಅದೇ ಪದರದ ಹಲವು ಪಟ್ಟು ದಪ್ಪದ ಮೂಲಕ, ರನ್‌ವೇಯನ್ನು. ಕಣ್ಣಳತೆಯನ್ನೇ ನಂಬಿ ಇಳಿಯುವ ಹಾರಾಟಕ್ಕೆ ಸಾಮಾನ್ಯವಾಗಿ 5 ಕಿ.ಮೀ. ದೂರದವರೆಗೆ ಕಾಣಬೇಕೆಂಬ ನಿಯಮವಿದೆ. ನನಗೆ ಇದಾವುದೂ ಗೊತ್ತಿರಲಿಲ್ಲ. ಕ್ಯಾಪ್ಟನ್ ಅಂಜುಬುರುಕರು ಎಂದು ತೀರ್ಮಾನಿಸಿಬಿಟ್ಟೆ. ಅಂದೇ ರಾತ್ರಿ ತಾಳಗುಪ್ಪದ ರೈಲು ಹತ್ತಿದ್ದರೆ ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿದು, ಬಸ್ಸು ಹಿಡಿದು, ಸಮಾರಾಧನೆಗೆ ಆರಾಮವಾಗಿ ಮುಟ್ಟುತ್ತಿದ್ದೆ. ಆದರೆ ಸಿಟ್ಟಿನಲ್ಲಿರುವವನಿಗೆ ರಾತ್ರಿಯವರೆಗೆ ಕಾಯುವುದೇ ಸೋಲಿನಂತೆ ಕಾಣುತ್ತದೆ. ಕಾರು ತೆಗೆದೆ.

ಶಿವಮೊಗ್ಗ ತಲುಪುವಾಗ ರಾತ್ರಿ ಒಂಬತ್ತು. ಭಾವ ಫೋನಿನಲ್ಲಿ, ಅಲ್ಲೇ ಉಳಿದು ಬೆಳಿಗ್ಗೆ ಬಾ ಎಂದು ಎರಡು ಸಲ ಹೇಳಿದರು. ಬರೀ ಅರವತ್ತು ಕಿಲೋಮೀಟರ್ ಎಂದು ಹೊರಟೆ. ಹೆಡ್‌ಲೈಟಿನ ಬೆಳಕು ಮಳೆಯಲ್ಲಿ ಬಿಳಿ ಗೋಡೆಯಂತೆ ನಿಂತಿತ್ತು, ಹೆಚ್ಚೆಂದರೆ ನಲವತ್ತು ಮೀಟರ್ ಕಾಣುತ್ತಿತ್ತು, ನಾನು ಅರವತ್ತರ ವೇಗದಲ್ಲಿದ್ದೆ. 5 ಕಿಲೋಮೀಟರ್ ಕಾಣದ್ದಕ್ಕೆ ಹಿಂತಿರುಗಿದವರನ್ನು ದಾರಿಯುದ್ದಕ್ಕೂ ಬೈಯುತ್ತಿದ್ದವನು, ನಲವತ್ತು ಮೀಟರ್ ಸಾಕೆಂದು ತಿಳಿದಿದ್ದೆ. ಮಂಡಗದ್ದೆ ಇನ್ನೇನು ಬಂತು ಎನ್ನುವಾಗ ರಸ್ತೆಗೆ ಅಡ್ಡಬಿದ್ದ ಕೊಂಬೆ ಕಂಡಿತು. ಬ್ರೇಕ್ ಒತ್ತಿದೆ, ಕಾರು ಜಾರಿ ಚರಂಡಿಗೆ ಇಳಿಯಿತು, ಎಡ ಮಣಿಕಟ್ಟು ಮುರಿಯಿತು. ಮರುದಿನ ದೊಡ್ಡಮ್ಮನ ಎಲೆ ಬಡಿಸುವ ಹೊತ್ತಿಗೆ ನಾನು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಿದ್ದೆ.

ಆದ್ದರಿಂದ, ವಿಮಾನ ಅಪಾಯ, ಕಾರು ಸುರಕ್ಷಿತ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಸಿಡಿಲಿಗೆ ಹೆದರುತ್ತೀರಾದರೆ, ಪ್ರಯಾಣಿಕ ವಿಮಾನವೊಂದಕ್ಕೆ ಸರಾಸರಿ ವರ್ಷಕ್ಕೊಮ್ಮೆ ಸಿಡಿಲು ಬಡಿಯುತ್ತದೆ; ಅದರ ವಿದ್ಯುತ್ತು ಲೋಹದ ಹೊರಮೈಯಲ್ಲೇ ಹರಿದು ಹೊರಹೋಗುತ್ತದೆ. ನಿಜವಾಗಿ ಅಂಜಬೇಕಾದದ್ದು ಗುಡುಗು ಮೋಡದ ಕೆಳಗೆ ಹಠಾತ್ತನೆ ನೆಲಕ್ಕೆ ಅಪ್ಪಳಿಸುವ ಗಾಳಿಗೆ. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್‌ನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಅಂಥ ಗಾಳಿಗೆ ಸಿಕ್ಕಿ 137 ಜನ ಸತ್ತರು. ಆ ಬಳಿಕವೇ ಇಂಥ ಗಾಳಿಯನ್ನು ವಿಮಾನದಿಂದಲೇ ಮುಂಚೆಯೇ ಗುರುತಿಸುವ ಉಪಕರಣಗಳು ಬಳಕೆಗೆ ಬಂದವು. ಬಲವಾದ ಗುಡುಗು ಮೋಡಗಳಿಂದ ಸುಮಾರು 20 ನಾಟಿಕಲ್ ಮೈಲು, ಅಂದರೆ 37 ಕಿ.ಮೀ. ದೂರವಿರಬೇಕೆಂದು ಪೈಲಟ್‌ಗಳಿಗೆ ಸಲಹೆಯಿದೆ. ಎಟಿಆರ್ 25,000 ಅಡಿಗಿಂತ ಮೇಲೇರುವಂಥದ್ದಲ್ಲ, ಮೋಡಗಳು ಅದರ ಎರಡು ಪಟ್ಟು ಎತ್ತರಕ್ಕೂ ಬೆಳೆಯುತ್ತವೆ. ಹಾಗಾಗಿ ಅದು ಮೋಡಗಳನ್ನು ಸುತ್ತಿ ಬಳಸಿಯೇ ಹೋಗಬೇಕು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಮ್ಮಲ್ಲಿ ಗುಡುಗು ಸಿಡಿಲಿನ ಅಬ್ಬರವಿರುವುದು ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ. ಜುಲೈನದ್ದು ಬಿಡದೆ ಜಿನುಗುವ, ಮೋಡ ನೆಲಕ್ಕೇ ಇಳಿದು ಕೂರುವ ಮಳೆ. ಅದು ವಿಮಾನವನ್ನು ಮುರಿಯುವುದಿಲ್ಲ, ಇಳಿಯಲು ಬಿಡುವುದಿಲ್ಲ ಅಷ್ಟೇ.

ಹಠ ಹಿಡಿದು ಇಳಿದರೆ ಏನಾಗುತ್ತದೆ ಎಂಬುದನ್ನು 2020ರ ಆಗಸ್ಟ್ 7ರಂದು ಕೇರಳದ ಕೋಳಿಕ್ಕೋಡ್‌ನಲ್ಲಿ ನಡೆದ ವಿಮಾನ ದುರಂತ ತೋರಿಸಿದೆ. ಜೋರು ಮಳೆ, ಹಿಂದಿನಿಂದ ತಳ್ಳುವ ಗಾಳಿ, ಎರಡನೇ ಪ್ರಯತ್ನ; ರನ್‌ವೇಯ ಅರ್ಧದಷ್ಟನ್ನು ದಾಟಿದ ಮೇಲೆ ಚಕ್ರ ನೆಲ ಮುಟ್ಟಿ, ವಿಮಾನ ಕೊನೆಯಿಂದಾಚೆ ಉರುಳಿ, ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಸತ್ತರು. ಅದರ ವಿವರ ಓದಿದ ದಿನ ನನಗೆ ಸೋಗಾನೆಯ ಆ ಕ್ಯಾಪ್ಟನ್ ನೆನಪಾದರು. ಅವರ ಹೆಸರು ಕೂಡ ನನಗೆ ಗೊತ್ತಿಲ್ಲ.

ನೀವು ಕೇಳಬೇಕಾದದ್ದು ಸುರಕ್ಷಿತವೇ ಎಂದಲ್ಲ, ಅದೇ ದಿನ ತಲುಪುತ್ತೇವೆಯೇ ಎಂದು. ದಿನಾಂಕ ಮುಖ್ಯವಾದರೆ ರಾತ್ರಿ ರೈಲಿನಲ್ಲಿ ಬನ್ನಿ, ಇಲ್ಲವೇ ಎರಡು ದಿನ ಮುಂಚಿನ ವಿಮಾನಕ್ಕೆ ಟಿಕೆಟ್ ಮಾಡಿಸಿ. ಅಮ್ಮನ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ವಾಪಸಾದರೆ ಬೇಕಾಗುತ್ತವೆ. ಬೆಲ್ಟನ್ನು ದೀಪ ಆರಿದ ಮೇಲೂ ಬಿಚ್ಚುವುದು ಬೇಡ, ಮೋಡದೊಳಗೆ ಎಟಿಆರ್ ಚೆನ್ನಾಗಿಯೇ ಕುಲುಕುತ್ತದೆ. ಹಿಂದಿನ ಸಾಲಿನ ಕಿಟಕಿ ಪಕ್ಕ ಕೂರಿಸಿ: ಪ್ರೊಪೆಲರ್ ಸದ್ದು ಅಲ್ಲಿ ಕಡಿಮೆ, ರೆಕ್ಕೆ ತಲೆಯ ಮೇಲಿರುವುದರಿಂದ ನೋಟಕ್ಕೆ ಅಡ್ಡವಿಲ್ಲ. ಮೋಡ ಸರಿದರೆ ಅಡಿಕೆ ತೋಟಗಳು ಕಾಣುತ್ತವೆ.