ಉತ್ತರ: ಬ್ಯಾರಿ ವಾಪಸ್ ಬಂದಮೇಲೂ ಐರಿಸ್ ಮತ್ತು ಅವಳ ಅಪ್ಪ ಜೋ ಮಾತು ಬಿಟ್ಟಿದ್ದೇಕೆ?

ಅಮೆರಿಕದ ಸೂಪರ್‌ಹೀರೋ ಧಾರಾವಾಹಿ ‘ದಿ ಫ್ಲ್ಯಾಶ್’ ಮೂರನೇ ಸೀಸನ್‌ನ ಮೊದಲ ಎಪಿಸೋಡ್ (2016) ಬಗ್ಗೆ ನೀವು ಕೇಳಿದ್ದಕ್ಕೆ: ಅತಿವೇಗದಲ್ಲಿ ಓಡಿ ಹಿಂದಿನ ಕಾಲಕ್ಕೂ ಹೋಗಬಲ್ಲ ಹೀರೋ ಬ್ಯಾರಿ ವಾಪಸ್ ಬಂದದ್ದು ತಾನು ಬಿಟ್ಟುಹೋದ ಕಾಲಕ್ಕಲ್ಲ, ಅದನ್ನೇ ಹೋಲುವ ಇನ್ನೊಂದಕ್ಕೆ. ವೈರಿ ಥಾನ್ ತನ್ನ ತಾಯಿಯನ್ನು ಕೊಂದ 2000ದ ಆ ರಾತ್ರಿಗೆ ಎರಡು ಸಲ ಕೈಹಾಕಿದ್ದಾನೆ. ಮೊದಲು ತಾಯಿಯನ್ನು ಉಳಿಸಿದ. ಓಡಿದಷ್ಟೂ ಹಳೆಯ ನೆನಪು ಅಳಿಸತೊಡಗಿ, ಐರಿಸ್‌ಳ ತಮ್ಮ ವಾಲಿಯೂ ಗಾಯಗೊಂಡಾಗ, ತಾನೇ ಕೂಡಿಹಾಕಿದ್ದ ಥಾನ್‌ನನ್ನು ಬಿಡುಗಡೆ ಮಾಡಿ, ಆ ರಾತ್ರಿಗೇ ಹೋಗಿ ತಾಯಿಯನ್ನು ಕೊಲ್ಲಲು ಬಿಟ್ಟ. ಅಮ್ಮನನ್ನು ಕೊಲ್ಲು ಎಂದು ಬ್ಯಾರಿಯ ಬಾಯಿಂದಲೇ ಥಾನ್ ಹೇಳಿಸುವ ಆ ದೃಶ್ಯ ಇಡೀ ಎಪಿಸೋಡಿನ ಜೀವ, ಇನ್ನೊಮ್ಮೆ ನೋಡಿ. ಜಗಳದ ಕಾರಣ ಎರಡನೇ ಎಪಿಸೋಡಿನಲ್ಲಿದೆ: ಐರಿಸ್‌ಳ ತಾಯಿ ಬದುಕಿದ್ದನ್ನು ಜೋ ಮುಚ್ಚಿಟ್ಟಿದ್ದ, ಅದನ್ನು ಈ ಕಾಲದ ಐರಿಸ್ ಕ್ಷಮಿಸಿಲ್ಲ. ಒಡೆದ ಕಾಫಿ ಕಪ್ ಅಂಟಿಸಿದರೂ ಬಿರುಕು ಉಳಿಯುತ್ತದೆ ಎಂದು ಇನ್ನೊಬ್ಬ ಅತಿವೇಗದ ಹೀರೋ ಜೇ ಗ್ಯಾರಿಕ್ ಬ್ಯಾರಿಗೆ ತೋರಿಸುವುದೂ ಅಲ್ಲೇ. ಇಷ್ಟು ದೊಡ್ಡ ಕಥೆಯನ್ನು ಒಂದೇ ಎಪಿಸೋಡಿಗೆ ಮುಗಿಸಿದ್ದು ತಪ್ಪು, ಕನಿಷ್ಠ ಮೂರಾದರೂ ಬೇಕಿತ್ತು.