ಸುಮ್ನಿದ್ರೆ ಸಿಟ್ಟು ಅನ್ಕೋತಾರೆ!

ಪ್ರಶ್ನೆ: ನಾನು ಇಂಟ್ರೋವರ್ಟ್. ಕೆಲ್ಸದಿಂದ ಬಂದ ತಕ್ಷಣ ಯಾರ ಜೊತೆಗೂ ಮಾತು ಬೇಡ ಅನ್ಸತ್ತೆ, ರೂಮಿಗೆ ಹೋಗ್ಬಿಡ್ತೀನಿ. ಗಂಡಂಗೆ ಬೇಜಾರು. ಹೇಗೆ ಹೇಳೋದು?

ಉತ್ತರ: ಇದು ಕಾಯಿಲೆ ಅಲ್ಲ ಕಣ್ರೀ, ನಾಚಿಕೆನೂ ಅಲ್ಲ. ಮನಃಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲೇ ಇದನ್ನ ಮನಸ್ಸು ಒಳಮುಖ ಆಗಿರೋ ಸ್ವಭಾವ ಅಂತ ವಿವರಿಸಿದ್ರು. ಆದ್ರೆ ನೀವು ಏನೂ ಹೇಳ್ದೆ ಬಾಗ್ಲು ಹಾಕ್ಕೊಂಡ್ರೆ ಆಚೆ ಇರೋರಿಗೆ ಕೇಳ್ಸೋದು ಚಿಲಕದ ಸದ್ದು ಮಾತ್ರ, ಅದಕ್ಕೆ ಅವ್ರೇ ಒಂದು ಅರ್ಥ ಕಟ್ಕೋತಾರೆ, ಅದು ಒಳ್ಳೇ ಅರ್ಥ ಅಂತೂ ಆಗಿರಲ್ಲ, ಆಮೇಲೆ ನಿಮ್ಗೂ ಒಳಗೆ ಕೂತು ನೆಮ್ಮದಿ ಇರಲ್ಲ.

"ನಂಗೆ ಸ್ಪೇಸ್ ಬೇಕು" ಅನ್ಬೇಡಿ, ಅದು ಜಗಳದ ಮಾತಿನ ಥರ ಇರತ್ತೆ. "ನಿಮ್ಮೇಲೆ ಕೋಪ ಇಲ್ಲ, ತಲೆ ತುಂಬಿದೆ, 7 ಗಂಟೆಗೆ ಬರ್ತೀನಿ" ಅನ್ನಿ. ಕಾರಣ ಒಂದು, ಟೈಮ್ ಒಂದು, ಸಾಕು. ಆ ಕ್ಷಣಕ್ಕೆ ಬಾಯಿ ಬರಲ್ವಾ, ಬರೋ ದಾರೀಲೇ ಮೆಸೇಜ್ ಹಾಕಿ, ತಪ್ಪೇನಿಲ್ಲ. ಹಾಂ, 7 ಅಂದ್ರೆ 7ಕ್ಕೇ ಆಚೆ ಬನ್ನಿ, ಮೊಬೈಲ್ ನೋಡ್ತಾ ಎಂಟೂವರೆ ಮಾಡ್ಬೇಡಿ, ಹಾಗಾದ್ರೆ ನಾನೂ ನಿಮ್ ಗಂಡನ ಪಾರ್ಟಿ!